ಅತ್ತೆಯ ಬಾಯಲ್ಲಿ ಸೀಟಿ

ಸೋಮವಾರ ಮಧ್ಯಾಹ್ನ ಅತ್ತೆ ಹೊಸ ಹಲ್ಲುಸೆಟ್ಟನ್ನು ಬಾಯಿಗಿಟ್ಟುಕೊಂಡು, ಕೈಗನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುಖ ತಿರುಗಿಸಿ ನೋಡಿಕೊಂಡು, "ಸೊಗಸಾಗಿದೆ ಕಣೇ" ಎಂದರು. ಎಂದ ಕ್ಷಣವೇ ಅತ್ತೆಯೂ ಸೆಟ್ಟು ಮಾಡಿದವಳೂ ಒಬ್ಬರ ಮುಖ ಒಬ್ಬರು ನೋಡಿದರು. ಕಿಟಕಿಯ ಸಂದಿಯಿಂದ ಗಾಳಿ ನುಗ್ಗಿದಂಥ ಸಣ್ಣ ಸೀಟಿಯೊಂದು ಅತ್ತೆಯ ಬಾಯಿಂದ ಹೊರಟು ಕೋಣೆಯ ಆ ಮೂಲೆಯವರೆಗೆ ಹೋಗಿತ್ತು.

"ಇನ್ನೊಂದ್ಸಲ ಹೇಳಿ ಅತ್ತೆ."

"ಏನು, ಸೊಗಸಾಗಿದೆ ಅಂತಾನಾ? ಈಗ ಅಷ್ಟು ಸೊಗಸಾಗಿಲ್ಲ ಬಿಡು."

ನಾಲ್ಕು ಸೀಟಿ. ಸೆಟ್ಟು ಮಾಡಿದವಳು ಒಂದೊಂದನ್ನೂ ಎಣಿಸಿದಳು.

ಅವಳು ಹಲ್ಲು ಡಾಕ್ಟರ ಕೋಣೆಯ ಹಿಂದಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಹಲ್ಲುಸೆಟ್ಟು ಮಾಡುತ್ತಿದ್ದಳು. ಮೇಣ ಕರಗಿಸುವುದು, ಹಲ್ಲು ಜೋಡಿಸುವುದು, ಗುಲಾಬಿ ಬಣ್ಣದ ಅಕ್ರಿಲಿಕ್ ಹಿಟ್ಟು ಕಲಸಿ ಅಚ್ಚಿಗೆ ತುಂಬುವುದು, ಬೇಯಿಸುವುದು, ಕೊನೆಗೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ನುಣುಪು ಮಾಡುವುದು. ಈ ಕೊನೆಯ ಕೆಲಸ ಬಂದರೆ ಅವಳಿಗೆ ಲೋಕ ಮರೆತುಹೋಗುತ್ತಿತ್ತು. ಬೇರೆಯವರು ಹತ್ತು ನಿಮಿಷ ಉಜ್ಜಿದರೆ ಇವಳು ಮುಕ್ಕಾಲು ಗಂಟೆ ಉಜ್ಜುತ್ತಿದ್ದಳು. ಒಂದು ಗೀರು ಉಳಿದಿದೆ ಎನಿಸಿದರೆ ಮನೆಗೆ ಹೊರಟವಳು ಬಾಗಿಲಿಂದ ವಾಪಸು ಬರುತ್ತಿದ್ದಳು. ಅದಕ್ಕೇ ಜೊತೆ ಕೆಲಸ ಮಾಡುವವರು ಅವಳಿಗೆ ನುಣುಪಮ್ಮ ಎಂದು ಹೆಸರಿಟ್ಟಿದ್ದರು. ಹೊಗಳಿಕೆಯೋ ಲೇವಡಿಯೋ ಎಂದು ಅವಳು ಆಗಾಗ ಯೋಚಿಸುತ್ತಿದ್ದಳು. ಎರಡೂ ಇರಬಹುದು ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ತಂಗಿ. ಊರಿನ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷದಿಂದ ಮೈಕಿನ ಮುಂದೆ ಕೂತು ಬಸ್ಸುಗಳ ನಂಬರು ಕೂಗುವವರು. ಅವರ ಮುಖ ಯಾರಿಗೂ ಗೊತ್ತಿಲ್ಲ, ಧ್ವನಿ ಗೊತ್ತಿಲ್ಲದವರಿಲ್ಲ. ತಿಂಗಳ ಕೊನೆಗೆ ಅವರ ನಿವೃತ್ತಿ. ಆಮೇಲೆ ಕೂಗುವುದು ಯಂತ್ರ. ಆದರೆ ಯಂತ್ರಕ್ಕೂ ಯಾರದಾದರೂ ಧ್ವನಿ ಬೇಕಲ್ಲ. ಅಂಕಿ, ಊರುಗಳ ಹೆಸರು, "ಸಾಲು", "ಸಂಜೆ", "ಹೊರಡಲಿದೆ" ಎಂಬ ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಒಮ್ಮೆ ಮುದ್ರಿಸಿಟ್ಟುಕೊಂಡರೆ, ಬೇಕಾದಾಗ ಯಂತ್ರ ಅವನ್ನು ಪೋಣಿಸಿ ಹೇಳುತ್ತದೆ. ಅತ್ತೆಯ ಧ್ವನಿಯನ್ನೇ ಮುದ್ರಿಸೋಣ ಎಂದು ನಿಲ್ದಾಣದ ಮೇಲಧಿಕಾರಿ ಹೇಳಿದ್ದರು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಸರಿ ಬರದಿದ್ದರೆ ಅಂತ ಇನ್ನೊಬ್ಬ ಹುಡುಗಿಯನ್ನೂ ಹೇಳಿಟ್ಟಿದ್ದರು.

ಹಳೆಯ ಸೆಟ್ಟು ಮುರಿದದ್ದು ಹದಿನೈದು ದಿನದ ಹಿಂದೆ. ಅತ್ತೆ ಗುಂಡಿ ಹೊಲಿಯುತ್ತಾ ದಾರವನ್ನು ಹಲ್ಲಲ್ಲಿ ಕಡಿಯಲು ಹೋದಾಗ ಮುಂದಿನ ಎರಡು ಹಲ್ಲು ಕಿತ್ತುಬಂದವು. ಅವೆರಡನ್ನೇ ಮತ್ತೆ ಕೂರಿಸಿಕೊಡು ಎಂದು ಅತ್ತೆ ಕೇಳಿದ್ದರು. ನುಣುಪಮ್ಮ ಬೇರೆ ಯಾರೋ ಮಾಡಿಕೊಟ್ಟಿದ್ದ ಆ ಹದಿನಾರು ವರ್ಷದ ಸೆಟ್ಟನ್ನು ಬೆಳಕಿಗೆ ಹಿಡಿದು ಮೂಗು ಮುರಿದಿದ್ದಳು. "ಛೀ, ಇದನ್ನ ಇಟ್ಕೊಂಡಿದ್ದೀರಲ್ಲ ಬಾಯಲ್ಲಿ! ಬಿಸಾಕಿ. ಹೊಸದು ಮಾಡ್ಕೊಡ್ತೀನಿ. ರೇಡಿಯೋದವರೂ ಹೊಟ್ಟೆ ಉರ್ಕೋಬೇಕು, ಹಾಗೆ."

ಈಗ ಹೊಟ್ಟೆ ಉರಿಯುತ್ತಿದ್ದುದು ಅವಳಿಗೇ.

"ಅಭ್ಯಾಸ ಆಗುತ್ತೆ ಬಿಡಿ" ಎಂದರು ಹಲ್ಲು ಡಾಕ್ಟರು, ಅತ್ತೆಯ ಬಾಯೊಳಗೆ ಕನ್ನಡಿ ಹಾಕಿ ನೋಡಿ. "ಮೂರು ವಾರ. ನಾಲಿಗೆ ತಾನಾಗೇ ದಾರಿ ಹುಡ್ಕೊಳ್ಳುತ್ತೆ."

"ಮೂರು ವಾರಕ್ಕೆ ನನ್ನ ಕುರ್ಚಿನೇ ಇರಲ್ಲ ಡಾಕ್ಟ್ರೆ" ಎಂದರು ಅತ್ತೆ. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ನೋಡಿ, ಹಲ್ಲೂ ಇದೆ, ಕಡಲೆನೂ ಇದೆ, ಸಕಾರ ಮಾತ್ರ ಇಲ್ಲ."

ಡಾಕ್ಟರು ನಕ್ಕರು. ನುಣುಪಮ್ಮನಿಗೆ ನಗು ಬರಲಿಲ್ಲ.

ಅವಳು ಸಂಜೆ ತರಗತಿಯಲ್ಲಿ ಧ್ವನಿಶಾಸ್ತ್ರ ಕಲಿಯುತ್ತಿದ್ದಳು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಗುರುವಾರ. ಹಲ್ಲು ಮಾಡುವವಳಿಗೆ ಮಾತು ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿರಬೇಕಲ್ಲವೇ ಎಂದು ಸೇರಿದ್ದಳು. ಸೇರಿದ ಮೇಲೆ ಗೊತ್ತಿದ್ದದ್ದೂ ಅನುಮಾನವಾಗಿತ್ತು. ಆದರೂ ಸಕಾರದ ಪಾಠ ಅವಳ ನೋಟ್‌ಬುಕ್ಕಿನಲ್ಲಿ ಎರಡು ಬಣ್ಣದ ಶಾಯಿಯಲ್ಲಿ ಇತ್ತು. ನಾಲಿಗೆಯ ಎರಡೂ ಅಂಚು ಮೇಲಿನ ದವಡೆಹಲ್ಲಿಗೆ ಅಂಟಿಕೊಳ್ಳುತ್ತವೆ. ನಡುವೆ ಕಾಲುವೆಯಂಥ ಸಣ್ಣ ತಗ್ಗು ಉಳಿಯುತ್ತದೆ. ಉಸಿರು ಆ ತಗ್ಗಿನಲ್ಲಿ ಹರಿದು ಮುಂದಿನ ಹಲ್ಲಿನ ಅಂಚಿಗೆ ಬಡಿದು ಸರ್ರನೆ ಸದ್ದಾಗುತ್ತದೆ. ತಗ್ಗು ಅಗಲವಾದರೆ ಸದ್ದು ಮಂಕಾಗುತ್ತದೆ, ತೀರಾ ಕಿರಿದಾದರೆ ಸೀಟಿಯಾಗುತ್ತದೆ.

ಕಿರಿದು ಎಂದ ಮೇಲೆ ಮುಗಿಯಿತು, ಅಂಗುಳಿನ ಭಾಗ ದಪ್ಪವಾಗಿರಬೇಕು ಎಂದು ಅವಳು ತೀರ್ಮಾನಿಸಿದಳು. ಮಂಗಳವಾರ ಬೆಳಿಗ್ಗೆ ಮುಂದಿನ ಹಲ್ಲುಗಳ ಹಿಂದೆ ಕೂದಲೆಳೆಯಷ್ಟು ತೆಗೆದಳು. ತೆಗೆದ ಜಾಗವನ್ನು ಬಿಡದೆ ಮತ್ತೆ ಗಾಜಿನಂತೆ ಉಜ್ಜಿದಳು. ಸೀಟಿ ಹೋಗಲಿಲ್ಲ. ಇನ್ನಷ್ಟು ತೆಗೆದಳು, ಇನ್ನಷ್ಟು ಉಜ್ಜಿದಳು. ಸೀಟಿ ಇನ್ನೂ ಚೂಪಾಯಿತು.

"ಬಾಯಿ ತೆರೀರಿ. ಬರೀ ಸ್ ಅನ್ನಿ, ಉದ್ದಕ್ಕೆ."

ಸೆಟ್ಟಿನ ಒಳಮೈಗೆಲ್ಲ ಬಿಳಿ ಪೌಡರು ಹಚ್ಚಿ ಬಾಯಿಗಿಟ್ಟಿದ್ದಳು. ನಾಲಿಗೆ ತಾಗಿದಲ್ಲಿ ಪೌಡರು ಅಳಿಸಿಹೋಗಿ ಗುಲಾಬಿ ಕಾಣುತ್ತದೆ, ತಾಗದಲ್ಲಿ ಬಿಳಿ ಉಳಿಯುತ್ತದೆ. ಅದೂ ತರಗತಿಯಲ್ಲಿ ಕಲಿತ ಉಪಾಯವೇ. ಅತ್ತೆ ಸ್ ಎಂದರು. ಸೆಟ್ಟು ತೆಗೆದು ನೋಡಿದರೆ ಎರಡು ಬದಿ ಗುಲಾಬಿ, ನಡುವೆ ಅಚ್ಚುಕಟ್ಟಾದ ಬಿಳಿಯ ಕಾಲುವೆ. ಪಾಠದ ಚಿತ್ರವನ್ನೇ ತಂದು ಅಂಟಿಸಿದಂತಿತ್ತು. ಸೀಟಿಯೂ ಇರಲಿಲ್ಲ.

"ಸರಿಹೋಯ್ತಾ?" ಎಂದು ಕೇಳಿದರು ಅತ್ತೆ, ಬಾಯಿ ತೊಳೆದು ಸೆಟ್ಟು ಹಾಕಿಕೊಂಡು. ಹಾಕಿಕೊಂಡು ಕೇಳಿದ ಆ "ಸರಿ"ಯಲ್ಲೇ ಸೀಟಿ.

ನುಣುಪಮ್ಮ ಪೌಡರಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಮುಚ್ಚಳ ಹಾರಿ ಅವಳ ತಲೆಗೂದಲೆಲ್ಲ ಬೆಳ್ಳಗಾಯಿತು.

"ನನಗಿಂತ ಮುದುಕಿ ಆದೆ ನೋಡು" ಎಂದರು ಅತ್ತೆ.

ಅಂದು ಸಂಜೆ ತರಗತಿ ಮುಗಿದ ಮೇಲೆ ಅವಳು ಮೇಡಂ ಹತ್ತಿರ ಹೋಗಿ ನಿಂತಳು. ಮೇಡಂ ಕಡಿಮೆ ಮಾತಿನವರು. ಎಂಥ ಪ್ರಶ್ನೆ ಕೇಳಿದರೂ ಮೊದಲು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕನ್ನಡಕ ಒರೆಸಿ ಮುಗಿಯುವವರೆಗೆ ಕೇಳಿದವರಿಗೆ ತಮ್ಮ ಪ್ರಶ್ನೆಯ ಮೇಲೇ ನಾಚಿಕೆಯಾಗುತ್ತಿತ್ತು.

"ಒಂಟಿ ಸ್ ಹೇಳಿಸಿದ್ರಾ?"

"ಹೌದು ಮೇಡಂ. ಚಿತ್ರ ಚೆನ್ನಾಗೇ ಬಂತು."

"ಬರ್ದೆ ಏನು? ಫೋಟೋಗೆ ನಿಲ್ಲು ಅಂದ್ರೆ ಎಲ್ರೂ ನೆಟ್ಟಗೇ ನಿಲ್ತಾರೆ. ನಡೆಯೋವಾಗ ನೋಡ್ಬೇಕು. ಪದ ಹೇಳಿಸಿ, ಅವರು ದಿನಾ ಹೇಳೋ ಪದ."

"ಮತ್ತೆ ಮೇಡಂ, ಪೌಡರು ಬಿಟ್ಟು ಬೇರೆ ಏನಾದ್ರೂ..."

"ಸ್ ಹೇಳೋ ಹಾಗೆ ನಾಲಿಗೆ ಇಟ್ಕೊಂಡು, ಅಲುಗಾಡಿಸ್ದೆ ಉಸಿರು ಒಳಗೆಳೀಬೇಕು. ಎಲ್ಲಿ ತಣ್ಣಗಾಗುತ್ತೋ ಅಲ್ಲಿ ದಾರಿ. ಹೋದ ತಿಂಗಳೇ ಹೇಳಿದ್ದೆ."

ಹೋದ ತಿಂಗಳು ಹೇಳಿದ್ದು ಅವಳ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಇಲ್ಲದಿದ್ದುದು ಹೇಗೆ ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ಪುಟ ತಿರುವಿ ತಿರುವಿ ಹುಡುಕಿದಳು. ಆಮೇಲೆ ಪುಸ್ತಕ ಮುಚ್ಚಿ ಸ್ ಎಂದು ನಾಲಿಗೆ ಇಟ್ಟು ಉಸಿರೆಳೆದಳು. ನಾಲಿಗೆಯ ನಡುವೆ ಬೆರಳಗಲದ ತಂಪು. ಮತ್ತೆ ಎಳೆದಳು. ಪಕ್ಕದ ಸೀಟಿನ ಹೆಂಗಸು ಚೀಲವನ್ನು ತೊಡೆಯ ಮೇಲೆ ತೆಗೆದಿಟ್ಟುಕೊಂಡು ಕಿಟಕಿಯ ಕಡೆಗೆ ಸರಿದಳು.

ಬುಧವಾರ ಅತ್ತೆಯನ್ನು ಕೂರಿಸಿಕೊಂಡು ಅದನ್ನೇ ಮಾಡಿಸಿದಳು.

"ಎಲ್ಲಿ ತಣ್ಣಗಾಯ್ತು?"

"ತುದಿಯಲ್ಲಿ."

"ಎಷ್ಟಗಲ?"

"ಅಗಲ ಎಲ್ಲಿ ಬಂತು? ಸೂಜಿ ಚುಚ್ಚಿದ ಹಾಗಾಯ್ತು. ಮುಂಚೆ ಹೀಗಿರ್ಲಿಲ್ಲಮ್ಮ."

"ಮುಂಚೆ ನೀವ್ಯಾವಾಗ ಉಸಿರೆಳ್ಕೊಂಡು ನೋಡಿದ್ರಿ?"

"ಮೂವತ್ತೊಂದು ವರ್ಷ ಮೈಕಿನ ಮುಂದೆ ಉಸಿರೆಳ್ಕೊಳ್ದೆ ಕೂತಿದ್ನಾ ನಾನು?"

ಪೌಡರು ಹಚ್ಚಿ "ಬಸ್ಸು" ಎನ್ನಿಸಿದಳು. ಈ ಬಾರಿ ಚಿತ್ರವೇ ಬೇರೆ. ಬಿಳಿಯ ಕಾಲುವೆ ದಾರದಷ್ಟು ಸಣ್ಣಗಾಗಿತ್ತು. ಮುಂದಿನ ಹಲ್ಲಿನ ಹಿಂದೆ ಪೌಡರು ಉದ್ದಕ್ಕೆ ಒರೆಸಿಹೋಗಿತ್ತು, ಒದ್ದೆ ನೆಲದಲ್ಲಿ ಕಾಲು ಜಾರಿದ ಗುರುತಿನ ಹಾಗೆ. ನಾಲಿಗೆ ನಿಲ್ಲಬೇಕಾದ ಕಡೆ ನಿಲ್ಲದೆ ಮುಂದಕ್ಕೆ ಜಾರುತ್ತಿತ್ತು. ಯಾಕೆ ಜಾರುತ್ತಿದೆ? ಅವಳು ಮತ್ತೆ ಅಳತೆ ತೆಗೆದಳು. ದಪ್ಪ ಸರಿ, ಕೋನ ಸರಿ, ಹಲ್ಲಿನ ಉದ್ದ ಸರಿ. ಎಲ್ಲ ಸರಿ ಇದ್ದು ಮಾತು ಮಾತ್ರ ಸರಿ ಇಲ್ಲದಿದ್ದರೆ ಯಾರಿಗೆ ಹೇಳುವುದು? ಇದು ಅತ್ತೆಯ ನಾಲಿಗೆಯ ತಪ್ಪೇ ಇರಬೇಕು ಎಂದು ಒಂದು ಗಳಿಗೆ ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

"ಅತ್ತೆ, ನೀವೂ ಸ್ವಲ್ಪ ಪ್ರಯತ್ನ ಪಡ್ಬೇಕು" ಎಂದಳು, ಹೇಳಬಾರದೆಂದು ಗೊತ್ತಿದ್ದೂ.

ಅತ್ತೆ ಸೆಟ್ಟನ್ನು ತೆಗೆದು ಬಟ್ಟಲಿಗೆ ಹಾಕಿದರು. ಹಲ್ಲಿಲ್ಲದ ಬಾಯಲ್ಲೇ, ಗಾಳಿ ಸೋರುವ ಮಾತಲ್ಲೇ ಹೇಳಿದರು. "ಆ ಹುಡುಗಿದು ಒಳ್ಳೆ ಧ್ವನಿ ಅಂತೆ. ಅವಳ್ದೇ ಹಾಕ್ಕೊಳ್ಳಲಿ. ನೀನು ಯಾಕೆ ಸಾಯ್ತೀಯ."

"ಹಾಗನ್ಬೇಡಿ."

"ಇನ್ನೇನನ್ಲಿ? ನಾನು ಹೋದ್ಮೇಲೂ ಅಲ್ಲಿ ನಾನಿರ್ತೀನಿ ಅಂತ ಆಸೆ ಇತ್ತು. ಬಸ್ಸು ಹತ್ತೋವಾಗ ಜನ ಕೇಳ್ತಾರಲ್ಲ, ಅಷ್ಟೇ. ದೊಡ್ಡ ಆಸೆ ಏನಲ್ಲ." ಚೀಲ ಎತ್ತಿಕೊಂಡು ಹೋದರು. ಸೆಟ್ಟನ್ನು ಬಟ್ಟಲಲ್ಲೇ ಬಿಟ್ಟು ಹೋದರು.

ಗುರುವಾರ ಮಧ್ಯಾಹ್ನ ಅವಳೇ ಅತ್ತೆಯ ಮನೆಗೆ ಹೋದಳು. ಒಂದೇ ಕೋಣೆ, ಒಂದು ಅಡುಗೆಮನೆ, ಕಿಟಕಿಯ ಹತ್ತಿರ ಹೊಲಿಗೆಯ ಮೇಜು. ಅತ್ತೆ ಬಾಗಿಲು ತೆರೆದವರೇ ಬೆನ್ನು ತಿರುಗಿಸಿ ನಡೆದರು. ಅವರು ಹೊಲಿಗೆ ಡಬ್ಬಿ ತೆರೆದು ಏನೋ ಹುಡುಕುತ್ತಿದ್ದಾಗ ಗುಂಡಿಗಳ ನಡುವೆ ಗುಲಾಬಿ ಬಣ್ಣದ್ದೊಂದು ಕಂಡಿತು.

"ಅದು ಹಳೇದಲ್ವಾ? ಬಿಸಾಕಿ ಅಂದಿದ್ನಲ್ಲ!"

"ಹದಿನಾರು ವರ್ಷ ನನ್ನ ಬಾಯಲ್ಲಿದ್ದದ್ದು. ನಿನ್ನ ಮಾತಿಗೆ ತಲೆ ಆಡಿಸ್ದೆ, ಅಷ್ಟೇ."

ಬೇರೆ ದಿನವಾಗಿದ್ದರೆ ಅವಳು ಜಗಳ ಮಾಡುತ್ತಿದ್ದಳು. ಈಗ ಕೈ ಚಾಚಿದಳು. ಮುಂದಿನ ಎರಡು ಹಲ್ಲಿನ ಜಾಗ ಬೋಳಾಗಿದ್ದ ಆ ಸೆಟ್ಟನ್ನು ತಿರುಗಿಸಿ, ಹೆಬ್ಬೆರಳನ್ನು ಅಂಗುಳಿನ ಮೇಲೆ ಆಡಿಸಿದಳು. ಕಣ್ಣಿಗೆ ಹೊಲಸಾಗಿ ಕಂಡದ್ದು ಬೆರಳಿಗೆ ಬೇರೆಯೇ ಆಗಿ ಸಿಕ್ಕಿತು. ಹಲ್ಲುಗಳ ಹಿಂದೆ ಮೂರು ದಿಣ್ಣೆ, ಅಲೆ ಬಂದು ಮರಳಲ್ಲಿ ಬಿಟ್ಟುಹೋದಂಥವು. ಅವಳು ಹೊಸದನ್ನು ಚೀಲದಿಂದ ತೆಗೆದು ಅದರ ಮೇಲೂ ಬೆರಳಾಡಿಸಿದಳು. ಬೆರಳು ಎಲ್ಲೂ ನಿಲ್ಲಲಿಲ್ಲ. ಜಾರಿ ಹಲ್ಲಿಗೇ ಹೋಗಿ ಬಡಿಯಿತು.

ತನ್ನ ಸ್ವಂತ ಅಂಗುಳನ್ನು ನಾಲಿಗೆಯ ತುದಿಯಿಂದ ಮುಟ್ಟಿ ನೋಡಿಕೊಂಡಳು. ಇತ್ತು. ಅಲ್ಲೂ ದಿಣ್ಣೆಗಳು ಇದ್ದವು. ದೇವರು ಎಲ್ಲರಿಗೂ ಕೊಟ್ಟದ್ದನ್ನು, ಹಳೆಯ ಸೆಟ್ಟಿನ ಕೆಲಸದವ ಬಿಟ್ಟದ್ದನ್ನು, ಅವಳು ಮುಕ್ಕಾಲು ಗಂಟೆ ಚಕ್ರಕ್ಕೆ ಹಿಡಿದು ಅಳಿಸಿದ್ದಳು. ಮೇಣದಲ್ಲಿ ಸಣ್ಣ ಗೆರೆಗಳು ಬಂದಿದ್ದದ್ದೂ ನೆನಪಾಯಿತು. ಒರಟು ಎಂದು ಉಜ್ಜಿದ್ದಳು. ಮಂಗಳವಾರ ಸೀಟಿ ಹೋಗಲೆಂದು ಇನ್ನೂ ಎರಡು ಸಲ ಉಜ್ಜಿದ್ದಳು. ಹದಿನೆಂಟು ವರ್ಷದಲ್ಲಿ ಎಷ್ಟು ಬಾಯಿ? ಅವರಲ್ಲಿ ಎಷ್ಟು ಜನ ಮನೆಗೆ ಹೋಗಿ, ಅಭ್ಯಾಸವಾಗುತ್ತೆ ಎಂದುಕೊಂಡು ಮೂರು ವಾರ ಬಾಯಿ ಮುಚ್ಚಿ ಕೂತಿದ್ದರೋ!

"ಯಾಕೆ ಹಾಗೆ ನೋಡ್ತೀಯ? ಹಲ್ಲಿ ಬಿತ್ತಾ ಮೈಮೇಲೆ?"

"ನಾಲಿಗೆಗೆ ಮೆಟ್ಟಿಲಿತ್ತು ಅತ್ತೆ. ನಾನು ಕಿತ್ತುಹಾಕ್ದೆ."

ಆ ದಿನ ಅವಳು ತರಗತಿಗೆ ಹೋಗಲಿಲ್ಲ, ಅತ್ತೆಯನ್ನು ಕರೆದುಕೊಂಡು ಕೆಲಸದ ಕೋಣೆಗೆ ಬಂದಳು. ಹಳೆಯ ಸೆಟ್ಟಿನ ದಿಣ್ಣೆಗಳ ಮೇಲೆ ಮೆತ್ತನೆಯ ಅಚ್ಚು ಒತ್ತಿ ತೆಗೆದಳು. ಹೊಸದರ ಹೊಳೆಯುವ ಮೈಯನ್ನು ಅರದಿಂದ ತಾನೇ ಕೆರೆದಳು. ಕೆರೆಯುವಾಗ ಹಲ್ಲು ಜುಮ್ಮೆಂದಿತು. ಅಚ್ಚಿನೊಳಗೆ ಗುಲಾಬಿ ಹಿಟ್ಟು ತುಂಬಿ ಹೊಸದರ ಮೇಲೊತ್ತಿ ಹಿಡಿದು, ಗಟ್ಟಿಯಾಗುವವರೆಗೆ ಉಸಿರು ಕಟ್ಟಿ ಕೂತಳು. ಬಿಡಿಸಿದಾಗ ಮೂರು ದಿಣ್ಣೆ ಇದ್ದವು, ಅಂಕುಡೊಂಕಾಗಿ.

ಅತ್ತೆ ಹಾಕಿಕೊಂಡರು. ನಾಲಿಗೆಯನ್ನು ಒಳಗೇ ಹಿಂದೆ ಮುಂದೆ ಆಡಿಸಿದರು. ಬಹಳ ದಿನದ ಮೇಲೆ ಸ್ವಂತ ಮನೆಯ ಬಾಗಿಲ ಚಿಲಕ ತಡವಿದವರಂತೆ ಅವರ ಮುಖ ಸಡಿಲವಾಯಿತು.

"ಪ್ರಯಾಣಿಕರ ಗಮನಕ್ಕೆ. ಸಂಜೆ ಐದೂವರೆಯ ಬಸ್ಸು ಸಾಲು ಏಳರಿಂದ ಹೊರಡಲಿದೆ."

ಸೀಟಿ ಇರಲಿಲ್ಲ. "ಸೊಸೆ" ಎಂದರು. ಇರಲಿಲ್ಲ. "ಸೋಮಾರಿ, ಸೊಟ್ಟ ಮೂತಿ, ಸಾವಿರ ಸಲ ಹೇಳಿದ್ರೂ ಕೇಳದವಳು" ಎಂದು ಒಂದೇ ಉಸಿರಿಗೆ ಬೈದರು. ಒಂದೂ ಇರಲಿಲ್ಲ. ನುಣುಪಮ್ಮ ಕುರ್ಚಿಯಲ್ಲಿ ಕುಸಿದು ಕೂತು, ಇನ್ನೊಮ್ಮೆ ಬೈಯಿರಿ ಎಂದಳು.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು.

ಶುಕ್ರವಾರ ಬೆಳಿಗ್ಗೆ ಅತ್ತೆ ದಾರಿಯಲ್ಲಿ ಕೆಲಸದ ಕೋಣೆಗೇ ಬಂದರು. ಸೆಟ್ಟನ್ನು ಒಮ್ಮೆ ತೊಳೆದುಕೊಡು ಎಂದು ತೆಗೆದುಕೊಟ್ಟು, ಹೊರಗಿನ ಬೆಂಚಿನ ಮೇಲೆ ಕೂತು ಪದಗಳ ಪಟ್ಟಿ ಓದಿಕೊಳ್ಳತೊಡಗಿದರು. ನುಣುಪಮ್ಮ ತೊಳೆದಳು, ಒರೆಸಿದಳು, ಬೆಳಕಿಗೆ ಹಿಡಿದಳು. ಎಡಗಡೆಯ ಮುಂದಿನ ದಿಣ್ಣೆಯ ಮೇಲೆ ಒಂದು ಒರಟು ಅಂಚು ಎದ್ದು ಕಾಣುತ್ತಿತ್ತು. ನಿನ್ನೆಯ ಅವಸರದಲ್ಲಿ ಉಳಿದದ್ದು. ಇದು ನಾಲಿಗೆಗೆ ಚುಚ್ಚಿದರೆ? ಮುದ್ರಣದ ನಡುವೆ ಗೀರಿದರೆ? ಒಂದೇ ಒಂದು ಸಲ, ಮುಟ್ಟಿಸಿ ತೆಗೆಯುವುದಷ್ಟೇ. ಚಕ್ರ ತಿರುಗಿತು. ಮುಟ್ಟಿಸಿದಳು. ಇನ್ನೊಮ್ಮೆ ಮುಟ್ಟಿಸಿದಳು. ಅಷ್ಟೇ, ಎರಡೇ ಸಲ ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಾರಿ ಹೇಳಿಕೊಂಡಳು.

ಮುದ್ರಣದ ಕೋಣೆ ಸಣ್ಣದು, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಕಿವಿಗೆ ಯಂತ್ರ ಹಾಕಿಕೊಂಡ ಧ್ವನಿಮುದ್ರಕ ಗಾಜಿನ ಆಚೆ ಕೂತಿದ್ದ. ನುಣುಪಮ್ಮ ಅವನ ಹಿಂದೆ ನಿಂತಳು. ಅತ್ತೆ "ಪ್ರಯಾಣಿಕರ ಗಮನಕ್ಕೆ" ಎಂದರು, "ಸಂಜೆ" ಎಂದರು, "ಸಾಲು" ಎಂದರು. ಮುದ್ರಕ ತಲೆಯಾಡಿಸುತ್ತಾ ಒಂದೊಂದಕ್ಕೂ ಗುರುತು ಹಾಕಿದ. ಒಂದು ಗಂಟೆ ಹೀಗೇ ನಡೆಯಿತು. ಕೊನೆಗೆ ಅಂಕಿಗಳು ಬಂದವು. ಒಂಬತ್ತರಿಂದ ಇಳಿಯುತ್ತಾ ಬಂದು ಅತ್ತೆ "ಸೊನ್ನೆ" ಎಂದರು.

ಮುದ್ರಕ ತಲೆ ಎತ್ತಿದ. "ಅಮ್ಮ, ಸೊನ್ನೆ ಇನ್ನೊಂದ್ಸಲ."

ಸೀಟಿ ತೀರಾ ಸಣ್ಣದು. ಆದರೆ ಇತ್ತು. ನುಣುಪಮ್ಮನಿಗೆ ಒಮ್ಮೆಲೇ ಗೊತ್ತಾಯಿತು. ಸೊನ್ನೆಯ ಒಕಾರಕ್ಕೆ ತುಟಿ ಮೊದಲೇ ದುಂಡಗಾಗುತ್ತದೆ. ದುಂಡಗಾದ ತುಟಿ ಇರುವ ಸೀಟಿಯನ್ನು ಇನ್ನೂ ಎತ್ತಿ ಕೊಡುತ್ತದೆ. ಬೇರೆ ಪದಗಳಲ್ಲಿ ಮುಚ್ಚಿಹೋಗುವಷ್ಟು ಅಲ್ಪ ಜಾರಿಕೆ ಇಲ್ಲಿ ಮಾತ್ರ ಬಯಲಾಗುತ್ತದೆ. ಎಡಗಡೆಯ ಮುಂದಿನ ದಿಣ್ಣೆ. ಎರಡೇ ಸಲ.

ಅತ್ತೆ ಹನ್ನೊಂದು ಬಾರಿ ಸೊನ್ನೆ ಎಂದರು. ಹೇಳಿದಷ್ಟೂ ಹೆದರಿದರು, ಹೆದರಿದಷ್ಟೂ ನಾಲಿಗೆ ಬಿಗಿಯಾಯಿತು. ಕೊನೆಗೆ ಮುದ್ರಕ, "ಇರ್ಲಿ ಬಿಡಿಯಮ್ಮ, ಉಳಿದದ್ದೆಲ್ಲ ಚೆನ್ನಾಗಿ ಬಂದಿದೆ. ಒಂದೇ ಪದ ತಾನೆ, ನೋಡ್ಕೊತೀವಿ" ಎಂದ.

ಹೊರಗೆ ಮೆಟ್ಟಿಲಿಳಿಯುವಾಗ ಅತ್ತೆ ಅವಳ ಮುಖ ನೋಡದೆ ಕೇಳಿದರು. "ಬೆಳಿಗ್ಗೆ ಕೈ ಆಡಿಸ್ದೆ ಅಲ್ವಾ?"

"ಒಂದು ಅಂಚಿತ್ತು..."

"ಚಕ್ರದ ಸದ್ದು ಕೇಳ್ತು. ಕೇಳಿದಾಗಲೇ ಎದ್ದು ಬರ್ಬೇಕಿತ್ತು ನಾನು."

ಅವಳು ಅಲ್ಲೇ ಮೆಟ್ಟಿಲ ಮೇಲೆ ಅತ್ತುಬಿಟ್ಟಳು. ಅತ್ತೆ ಸಮಾಧಾನ ಮಾಡಲಿಲ್ಲ. ಅತ್ತು ಮುಗಿಯುವವರೆಗೆ ಮೆಟ್ಟಿಲ ಕಂಬಿ ಹಿಡಿದು ಕಾದರು, ಅಷ್ಟೇ.

ದಿಣ್ಣೆಯನ್ನು ಅವಳು ಮರುದಿನವೇ ಮತ್ತೆ ಕಟ್ಟಿಕೊಟ್ಟಳು. ಅಷ್ಟು ಹೊತ್ತಿಗೆ ಮುದ್ರಕ ಕೆಲಸ ಮುಗಿಸಿ ಒಪ್ಪಿಸಿಯಾಗಿತ್ತು. ಇನ್ನೊಮ್ಮೆ ಬರುತ್ತೇವೆ ಎಂದು ಅವಳು ನಿಲ್ದಾಣದ ಕಚೇರಿಗೆ ನಾಲ್ಕು ಬಾರಿ ಫೋನು ಮಾಡಿದಳು. ಎಲ್ಲ ಆಗಿದೆ ಮೇಡಂ, ಯಾರಿಗೂ ಗೊತ್ತಾಗಲ್ಲ ಎಂದಷ್ಟೇ ಹೇಳಿದರು.

ಮುಂದಿನ ತಿಂಗಳ ಮೊದಲ ಮಂಗಳವಾರ ಸಂಜೆ, ತರಗತಿಗೆ ಹೊರಟ ಅವಳು ನಿಲ್ದಾಣದ ಬೆಂಚಿನಲ್ಲಿ ಅತ್ತೆ ಕೂತಿದ್ದನ್ನು ಕಂಡಳು. ಎಲ್ಲಿಗೂ ಹೋಗುವವರಂತಿರಲಿಲ್ಲ. ಚೀಲವೂ ಇರಲಿಲ್ಲ. ಅವಳು ಪಕ್ಕದಲ್ಲಿ ಕೂತಳು. ತಲೆಯ ಮೇಲಿನ ಪೆಟ್ಟಿಗೆ ಕಟಕಟ ಎಂದು, ಅತ್ತೆಯ ಧ್ವನಿಯಲ್ಲಿ ಮಾತಾಡಿತು.

"ಪ್ರಯಾಣಿಕರ ಗಮನಕ್ಕೆ. ಬಸ್ಸು ಸಂಖ್ಯೆ ಒಂದು..."

ಆಮೇಲೆ ಎಳೆಯ, ತೆಳ್ಳಗಿನ, ಯಾರದೋ ಧ್ವನಿಯೊಂದು ನಡುವೆ ತಲೆ ಹಾಕಿ "ಸೊನ್ನೆ" ಎಂದಿತು.

"...ಮೂರು. ಸಾಲು ಏಳರಿಂದ ಹೊರಡಲಿದೆ" ಎಂದರು ಮತ್ತೆ ಅತ್ತೆ.

ಜನ ಗಂಟುಮೂಟೆ ಎತ್ತಿಕೊಂಡು ಸಾಲು ಏಳರ ಕಡೆಗೆ ನಡೆದರು. ಯಾರೂ ತಲೆ ಎತ್ತಿ ನೋಡಲಿಲ್ಲ.

"ಆ ಹುಡುಗಿದು" ಎಂದರು ಅತ್ತೆ. "ಬರೀ ಸೊನ್ನೆ ಹೇಳೋಕೆ ಕರೆಸಿದ್ರಂತೆ. ಪಾಪ, ಅವಳಿಗೂ ಬೇಜಾರಾಗಿರುತ್ತೆ."

"ನನ್ನಿಂದ ಹಾಗಾಯ್ತು ಅತ್ತೆ."

"ಹೂಂ, ನಿನ್ನಿಂದಲೇ. ಇನ್ಯಾರಿಂದ?"

ಅವಳ ಬಸ್ಸು ಬಂದು ನಿಂತು, ಕಾದು, ಹೊರಟುಹೋಯಿತು. ಪೆಟ್ಟಿಗೆ ಮತ್ತೆ ಕಟಕಟ ಎಂದಿತು. ಬಸ್ಸು ಸಂಖ್ಯೆ ಎರಡು, ಎಂದಿತು. ಅತ್ತೆ ಗಲ್ಲ ಎತ್ತಿ, ಆ ಹುಡುಗಿಗಿಂತ ಕೂದಲೆಳೆಯಷ್ಟು ಮುಂಚೆ, ಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ "ಸೊನ್ನೆ" ಎಂದರು. ಸೀಟಿಯ ಸುಳಿವೂ ಇರಲಿಲ್ಲ.